ಗಾಡಿ ಕುಡಿದ ನೀರಿಗೂ ದಾಖಲೆ ಬೇಕು

ವಿಶಾಖಪಟ್ಟಣದ ಗಾಜುವಾಕದ ಆಟೋನಗರದಲ್ಲಿ ಮೇಸ್ತ್ರಿ ನನ್ನ ಜಿಪ್ಸಿಯ ಹಿಂದಿನ ಆಕ್ಸಲ್‌ನ ಡ್ರೇನ್ ಬೋಲ್ಟ್ ಬಿಚ್ಚಿದರು. ಕೆಳಗಿಟ್ಟ ಬಾಣಲಿಗೆ ಇಳಿದದ್ದು ಹಾಲು ಹೆಚ್ಚಾದ ಕಾಫಿಯಂಥ ಮಂದ ದ್ರವ. ಆಯಿಲ್ಲಿನ ಬಣ್ಣವೇ ಇರಲಿಲ್ಲ. ಎರಡು ಬೆರಳಲ್ಲಿ ತಿಕ್ಕಿ ನೋಡಿ, ಬೆರಳಿಗೆ ಹತ್ತಿದ ಮಿರಮಿರ ಕಬ್ಬಿಣದ ಪುಡಿಯನ್ನು ನನಗೆ ತೋರಿಸಿದರು. 'ಬಂಡಿ ನೀಳ್ಳು ತಾಗಿಂದಿ ಸಾರ್' ಎಂದರು. ಗಾಡಿ ನೀರು ಕುಡಿದಿದೆ.

ನಾನು ಮೂಡಿಗೆರೆ ಕಡೆಯವನು. ಕಾರ್ಪೊರೇಷನ್ ಬ್ಯಾಂಕಿನಲ್ಲಿದ್ದೆ. 2020ರ ಏಪ್ರಿಲ್ 1ರಂದು ನಮ್ಮ ಬ್ಯಾಂಕು, ಆಂಧ್ರ ಬ್ಯಾಂಕು ಎರಡೂ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆಮೇಲೆ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆ. ಅರಕು, ಪಾಡೇರು ಬೆಟ್ಟಗಳಲ್ಲಿ ಕಾಫಿ ಗಿಡ ಕಂಡ ಮೇಲೆ ಅಲ್ಲೆಲ್ಲ ಸುತ್ತಲು ಒಂದು ಫೋರ್ ವೀಲ್ ಡ್ರೈವ್ ಬೇಕೇ ಬೇಕು ಅನ್ನಿಸಿತು. ಮಾರುತಿಯವರು ಜಿಪ್ಸಿ ನಿಲ್ಲಿಸಿ ವರ್ಷಗಳಾಗಿವೆ, ಬೇಕೆಂದವರಿಗೆ ಹಳೆಯದೇ ಗತಿ.

ಮೊದಲು ವಿಶಾಖಪಟ್ಟಣದಲ್ಲೇ ಮೂರು ನೋಡಿದೆ. ಮೂರಕ್ಕೂ ಕಡಲ ಉಪ್ಪುಗಾಳಿ ಬಡಿದಿತ್ತು. ಒಂದರ ಚಾಸಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋದೆ. ಮುಂದೆಲ್ಲ ಠಣ್ ಠಣ್ ಎಂದದ್ದು ಹಿಂದಿನ ಪಾಟಾ ಕೂರುವ ಜಾಗಕ್ಕೆ ಬಂದಾಗ ಡಬ್ ಎಂದಿತು, ತುಕ್ಕಿನ ಹಕ್ಕಳೆ ಅಂಗೈಗೆ ಉದುರಿತು. ಹೀಗಾಗಿ 2025ರ ಮೇ ತಿಂಗಳಲ್ಲಿ ವಿಜಯವಾಡಕ್ಕೆ ಹೋದೆ. ಅಲ್ಲಿ ಸಮುದ್ರವಿಲ್ಲ, ಬಾಡಿ ಗಟ್ಟಿ ಎಂದು ಬ್ರೋಕರ್ ಹೇಳಿದ್ದು ಸುಳ್ಳಲ್ಲ. 2004ರ ಮಾಡೆಲ್, 1.3 ಲೀಟರ್ ಎಂಪಿಎಫ್‌ಐ ಎಂಜಿನ್, ಹೊಸ ಪೇಂಟು, ಹೊಸ ಸೀಟ್ ಕವರ್. ಮ್ಯಾಗ್ನೆಟ್ ಹಿಡಿದು ನೋಡಿದೆ, ಪುಟ್ಟಿ ಮೆತ್ತಿದ ಜಾಗ ಕಡಿಮೆ ಇತ್ತು. ಆರ್‌ಸಿ 2029ರವರೆಗೆ ರಿನ್ಯೂ ಆಗಿತ್ತು. 2 ಲಕ್ಷ 90 ಸಾವಿರ ಕೊಟ್ಟು ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್ ಓಡಿಸಿಕೊಂಡು ಬಂದೆ. ಮುಂದಿನ ಭಾನುವಾರ ಅನಂತಗಿರಿ ಘಾಟಿಯಲ್ಲಿ ಹಿಂದಿನಿಂದ ಗೊರಗೊರ ಸದ್ದು ಶುರುವಾಯಿತು.

ಬಾಣಲಿಯ ಆ ದ್ರವ ನೋಡಿದ ಮೇಲೆ ನಾನೂ ಮೇಸ್ತ್ರಿಯೂ ಒಂದೊಂದೇ ಬಿಚ್ಚಿದೆವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ತುದಿಯ ಒಂದು ಗೇಣು ಕೆಸರು ಬಣ್ಣಕ್ಕಿತ್ತು. ಡ್ಯಾಶ್‌ಬೋರ್ಡ್ ಹಿಂದೆ ವೈರಿಂಗ್ ಕಪ್ಲರ್‌ಗಳಲ್ಲಿ ಹಸಿರು ಕಿಲುಬು, ಸೀಟಿನ ಹಳಿಯ ಸಂದಿಯಲ್ಲಿ ಒಣಗಿದ ರೇವೆ. 2024ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಸಿಂಗ್ ನಗರ, ಪಾಯಕಾಪುರಂ ಕಡೆ ದಿನಗಟ್ಟಲೆ ನೀರು ನಿಂತದ್ದು ನೆನಪಿರಬಹುದು. ಈ ಗಾಡಿ ಮುಳುಗಿದ್ದು ಆಗಲೇ ಇರಬೇಕು. ಆಕ್ಸಲ್‌ಗೆ ಗಾಳಿಯಾಡಲೆಂದು ಒಂದು ಸಣ್ಣ ಬ್ರೀದರ್ ಇರುತ್ತದೆ. ಗಾಡಿ ಮುಳುಗಿ ನಿಂತರೆ ನೀರು ಒಳಗಿಳಿಯುವುದು ಮುಖ್ಯವಾಗಿ ಅಲ್ಲಿಂದಲೇ.

ನನ್ನನ್ನು ಕಾಡುವುದು ಆರ್‌ಸಿಯ ತಾರೀಖು. ಅದರ ರಿನ್ಯೂವಲ್‌ಗಾಗಿ ನನ್ನ ಗಾಡಿಯ ಫಿಟ್‌ನೆಸ್ ತಪಾಸಣೆ ಆದದ್ದು 2024ರ ಜುಲೈನಲ್ಲಿ, ನೀರು ಬಂದದ್ದು ಅದಾಗಿ ಒಂದೂವರೆ ತಿಂಗಳಿಗೆ. ಆ ಕಾಗದದಲ್ಲಿ ಬರೆದದ್ದೆಲ್ಲ ನಿಜ, ಆದರೆ ಗಾಡಿಯ ಇಂದಿನ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ. 2029ರವರೆಗೆ ಇನ್ನೊಮ್ಮೆ ಯಾರೂ ನೋಡಬೇಕಿಲ್ಲ. ವಾಹನದ ವಯಸ್ಸನ್ನು ಸರ್ಕಾರ ಲೆಕ್ಕ ಇಟ್ಟು ಕಾಯುತ್ತದೆ. 15 ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಚೆನ್ನಾಗಿ ನೋಡಿಕೊಂಡ ಇಪ್ಪತ್ತು ವರ್ಷದ ಜೀಪು ದಂಡ ತೆರುತ್ತದೆ, ಮುಳುಗೆದ್ದ ಐದು ವರ್ಷದ ಕಾರು ಪೇಂಟು ಹೊಡೆಸಿಕೊಂಡು ಸಲೀಸಾಗಿ ಕೈ ಬದಲಾಗುತ್ತದೆ. ಇದು ಸರಿಯಲ್ಲ.

ಮುಳುಗಿದ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ನೀರು ಹೊಕ್ಕ ವಾರದಲ್ಲೇ ಆಕ್ಸಲ್, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ್ದರೆ ಈ ಕ್ರೌನ್ ಪಿನಿಯನ್ ಉಳಿಯುತ್ತಿತ್ತು ಎಂದು ಮೇಸ್ತ್ರಿಯೇ ಹೇಳಿದರು. ಮುಚ್ಚಿಟ್ಟದ್ದರಿಂದಲೇ ಅದು ಹಾಳಾಯಿತು. ಬೇರಿಂಗ್, ಸೀಲ್, ಕ್ರೌನ್ ಪಿನಿಯನ್, ಎಂಜಿನ್ನಿನ ಕಂಟ್ರೋಲ್ ಯೂನಿಟ್, ವೈರಿಂಗ್ ಎಲ್ಲ ಸೇರಿ ನನಗೆ 68,000 ಬಿತ್ತು. ಘಾಟಿ ಇಳಿಯುವಾಗ ಆಕ್ಸಲ್ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತೋ. ಅವತ್ತು ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು.

ಅಮೆರಿಕದಲ್ಲಿ ಪ್ರವಾಹಕ್ಕೆ ಸಿಕ್ಕಿ ವಿಮಾ ಕಂಪನಿ ಕೈಬಿಟ್ಟ ವಾಹನದ ಮಾಲೀಕತ್ವ ಪತ್ರದ ಮೇಲೆಯೇ ಅದನ್ನು ನಮೂದಿಸುವ ಪದ್ಧತಿ ಇದೆ. ನಮ್ಮಲ್ಲೂ ವಿಮಾ ಕ್ಲೇಮುಗಳ ಮಾಹಿತಿ ಹೈದರಾಬಾದಿನ ವಿಮಾ ಮಾಹಿತಿ ಬ್ಯೂರೋದಲ್ಲಿ ಸೇರುತ್ತದೆ. ಅದನ್ನು ವಾಹನ ನೋಂದಣಿಯ ವಾಹನ್ ಪೋರ್ಟಲ್‌ಗೆ ಜೋಡಿಸಿ, ಗಾಡಿ ನಂಬರು ಹಾಕಿದವರಿಗೆಲ್ಲ ಕಾಣುವಂತೆ ಮಾಡಬಹುದು. ಅಷ್ಟೇ ಸಾಲದು, ಏಕೆಂದರೆ ಹಳೆಯ ಗಾಡಿಗಳಿಗೆ ಹೆಚ್ಚಿನವರು ಮಾಡಿಸುವುದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅವುಗಳಿಗೆ ಪ್ರವಾಹ ಹಾನಿಯ ಕ್ಲೇಮೇ ಇರುವುದಿಲ್ಲ. ಅದಕ್ಕೆ ಮಾರುವವರು ಸಹಿ ಹಾಕುವ ಫಾರಂ 29ರಲ್ಲಿ 'ಈ ವಾಹನ ನೀರಿನಲ್ಲಿ ಮುಳುಗಿತ್ತೇ?' ಎಂಬ ಒಂದು ಸಾಲು ಇರಬೇಕು. ಸುಳ್ಳು ಬರೆದವರು ಹಣ ಹಿಂದಿರುಗಿಸಬೇಕಾಗುತ್ತದೆ ಎಂಬ ನಿಯಮವೂ ಬರಬೇಕು. 2018ರಲ್ಲಿ ಕೊಡಗು, 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದ್ದನ್ನು ಕಂಡ ಕರ್ನಾಟಕಕ್ಕೂ ಈ ಮಾತು ಸಲ್ಲುತ್ತದೆ.

ಕೇಂದ್ರ ಸಾರಿಗೆ ಸಚಿವಾಲಯ ಆ ಸಾಲು ಸೇರಿಸುವವರೆಗೆ, ಹಳೆ ಜೀಪು, ಜಿಪ್ಸಿ ಕೊಳ್ಳುವವರು ಅಡ್ವಾನ್ಸ್ ಕೊಡುವ ಮುನ್ನ ಆಕ್ಸಲ್‌ನ ಬೋಲ್ಟ್ ಬಿಚ್ಚಿಸಿ ಆಯಿಲ್ ನೋಡಿ. ಮಾರುವವರು ಬಿಚ್ಚಲು ಒಪ್ಪದಿದ್ದರೆ ಆ ಗಾಡಿ ಬಿಟ್ಟುಬಿಡಿ.