ಎರಡನೆಯ ಪ್ರತಿ ಯಾರ ಮನೆಯಲ್ಲಿದೆ?

ಹೋದ ವರ್ಷ ಆಷಾಢದಲ್ಲಿ ಹನೂರು ಕಡೆಯ ಒಬ್ಬ ಹೆಣ್ಣುಮಗಳು ತನ್ನ ತಾಯಿಯ ಜೊತೆ ಕೊಳ್ಳೇಗಾಲದ ನಮ್ಮ ಒಕ್ಕೂಟದ ಕೋಣೆಗೆ ಬಂದಳು. ಮೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಕೂತು ಅವಳು ಹೇಳಿದ್ದನ್ನೆಲ್ಲ ನಾವು ಬರೆದುಕೊಂಡಿದ್ದೆವು. ಮದುವೆಯಲ್ಲಿ ಕೊಟ್ಟ ಒಡವೆ, ಪಾತ್ರೆ, ಬೈಕಿನ ಪಟ್ಟಿ. ತೋಳಿನ ಮೇಲಿನ ಬಾಸುಂಡೆಯ ಫೋಟೋಗಳು. ಇನ್ನೂ ಐವತ್ತು ಸಾವಿರ ತಾರದೆ ಹೊಸಿಲು ತುಳಿಯಬೇಡವೆಂದು ಗಂಡ ಫೋನಿನಲ್ಲಿ ಹೇಳಿದ ಮಾತಿನ ಧ್ವನಿಮುದ್ರಣ. ಆಗ ಊರಿನ ಹಿರಿಯರು ಕೂಡಿಸಿ ಕಳಿಸಿದ್ದರು. ಈಗ ಮತ್ತೆ ಹೊಡೆದು ಹೊರಗೆ ಹಾಕಿದ್ದರು. ‘ಈ ಸಲ ಕೋರ್ಟಿಗೆ ಹೋಯ್ತೀನಿ ಕನಕ್ಕ, ನನ್ನ ಕಾಗ್ದ ಕೊಡಿ’ ಎಂದಳು. ನಮ್ಮ ಹತ್ತಿರ ಅವಳ ಕಾಗದ ಇರಲಿಲ್ಲ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅದಕ್ಕೆ ಮೂರು ವಾರದ ಹಿಂದೆ ಸತ್ತಿತ್ತು. ನಮ್ಮದು ಯಾರೋ ದಾನ ಕೊಟ್ಟ ಹಳೆಯ ಯಂತ್ರ. ಲೈಸೆನ್ಸಿಗೆ ದುಡ್ಡಿಲ್ಲದೆ ಅದರಲ್ಲಿ ಲಿನಕ್ಸಿನ ಉಬುಂಟು ಹಾಕಿಸಿಕೊಂಡಿದ್ದೆವು. ಮುಕ್ತ ತಂತ್ರಾಂಶವೆಂದರೆ ಎಲ್ಲರಿಗೂ ಸೇರಿದ್ದು, ಸಂಘದ ಹಣದ ಹಾಗೆ, ನಮಗೆ ತಕ್ಕದ್ದೇ ಎಂದು ಹೆಮ್ಮೆಯೂ ಇತ್ತು. ಡಿಸ್ಕ್ ಹೋದಾಗ ನಾನು ಗಾಬರಿಯಾಗಲಿಲ್ಲ. ಪ್ರತಿ ಶನಿವಾರ ಹೊರಗಿನ ಡಿಸ್ಕಿಗೆ ನಕಲು ಆಗುವಂತೆ ನಮಗೆ ಕಂಪ್ಯೂಟರ್ ಹಾಕಿಕೊಟ್ಟ ಹುಡುಗ ಮಾಡಿಟ್ಟಿದ್ದ. ಹೊರಗಿನ ಡಿಸ್ಕನ್ನು ತಂದು ತೆರೆದೆವು. ಅದರಲ್ಲಿದ್ದದ್ದು ನಾಲ್ಕು ವರ್ಷ ಹಳೆಯ ಕಡತಗಳು. ಆಮೇಲಿನದು ಒಂದೂ ಇಲ್ಲ.

ಇದು ಹೇಗಾಯಿತೆಂದು ತಿಳಿದುಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಬೇರೆ ಸಂಘಗಳಲ್ಲೂ ಇದೇ ನಡೆಯುತ್ತಿರಬಹುದು. ಲಿನಕ್ಸಿನಲ್ಲಿ ಹೊರಗಿನ ಡಿಸ್ಕಿಗೆ ಬೇರೆ ಅಕ್ಷರದ ಹೆಸರಿಲ್ಲ. ಅದು ಒಳಗಿನ ಒಂದು ಫೋಲ್ಡರಿನ ಬಾಗಿಲಲ್ಲಿ ಬಂದು ಕೂರುತ್ತದೆ. ಡಿಸ್ಕನ್ನು ಕಿತ್ತರೂ ಆ ಫೋಲ್ಡರ್ ಖಾಲಿ ಚೀಲದ ಹಾಗೆ ಅಲ್ಲೇ ಉಳಿಯಬಹುದು, ನಮ್ಮಲ್ಲಿ ಉಳಿದಿತ್ತು. ಜಾಗ ಸಾಲದೆಂದು ನಾವೇ ಒಮ್ಮೆ ಮೇಜು ಸರಿಸಿದಾಗ ತಂತಿ ಬಿಚ್ಚಿ, ಡಿಸ್ಕನ್ನು ಬೀರುವಿನಲ್ಲಿಟ್ಟೆವು. ನಕಲು ಮಾಡುತ್ತಿದ್ದದ್ದು ಆರ್‌ಸಿಂಕ್, 1996ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಬರೆದ, ಇಂದಿಗೂ ಜಗತ್ತೆಲ್ಲ ನಂಬುವ ಪ್ರೋಗ್ರಾಮು. ಅದು ಶನಿವಾರ ಶನಿವಾರ ತಪ್ಪದೆ ಎದ್ದು, ಆ ಖಾಲಿ ಚೀಲಕ್ಕೆ ತುಂಬುತ್ತಲೇ ಇತ್ತು. ಭತ್ತವನ್ನು ತಂಗಿಯ ಮನೆಯಲ್ಲಿ ಇಡುತ್ತಿದ್ದೇವೆಂದುಕೊಂಡು ನಮ್ಮದೇ ಮನೆಯ ಇನ್ನೊಂದು ವಾಡೆಗೆ ಸುರಿಯುತ್ತಿದ್ದೆವು. ಮನೆಗೆ ಬೆಂಕಿ ಬಿದ್ದಾಗ ಎರಡೂ ಹೋಯಿತು.

ತಪ್ಪು ಪ್ರೋಗ್ರಾಮಿನದಲ್ಲ, ಆ ಹುಡುಗನದೂ ಅಲ್ಲ. ನಾಲ್ಕು ವರ್ಷದಲ್ಲಿ ನಾವು ಒಮ್ಮೆಯೂ ನಕಲನ್ನು ತೆರೆದು ನೋಡಲಿಲ್ಲ. ಸಾಲದ ಪುಸ್ತಕವನ್ನು ಪ್ರತಿ ವಾರ ಎಲ್ಲರೆದುರು ಓದಿ, ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಎದ್ದು ಕೇಳುವ ನಾವು, ಕಂಪ್ಯೂಟರಿನ ಮುಂದೆ ಮಾತ್ರ ‘ಅದು ಹುಡುಗರ ಕೆಲ್ಸ, ನಮ್ಗೇನು ತಿಳೀತದೆ’ ಎಂದು ಕೈ ಕಟ್ಟಿ ನಿಂತೆವು. ಮನೆಯ ಆಸ್ತಿಪತ್ರ ಗಂಡನ ಪೆಟ್ಟಿಗೆಯಲ್ಲಿರುತ್ತದೆ, ಅದರಲ್ಲೇನಿದೆಯೆಂದು ಹೆಂಡತಿಗೆ ಗೊತ್ತಿರುವುದಿಲ್ಲ. ಇದನ್ನು ಸಭೆಯಲ್ಲಿ ಬೈಯುವವರು ನಾವೇ!

ನಮ್ಮ ಸೀಮೆಯಲ್ಲಿ ಮಲೆ ಮಾದೇಶ್ವರನ ಕಾವ್ಯವನ್ನು ದೇವರ ಗುಡ್ಡರು ಕಂಸಾಳೆ ಹಿಡಿದು ಹಾಡುತ್ತ ಬಂದಿದ್ದಾರೆ. ಅದರಲ್ಲಿ ಸಂಕಮ್ಮನ ಸಾಲು ಬರುತ್ತದೆ. ಹೆಂಡತಿಯ ಶೀಲದ ಮೇಲೆ ಗುಮಾನಿಪಟ್ಟು, ಭಾಷೆ ಕೊಡೆಂದು ನೀಲೇಗೌಡ ಅವಳಿಗೆ ಕೊಟ್ಟ ಹಿಂಸೆಯ ಕತೆ. ಆ ಹೆಣ್ಣಿನ ಮೇಲೆ ನಡೆದ ದೌರ್ಜನ್ಯ ಇಷ್ಟು ಕಾಲ ಅಳಿಯದೆ ಉಳಿದದ್ದು ಹೇಗೆ? ಒಬ್ಬನ ಕೊರಳಲ್ಲಿ ಮಾತ್ರ ಇರಲಿಲ್ಲ. ಒಂದು ಊರಿನವನು ಮರೆತರೆ ಇನ್ನೊಂದು ಊರಿನವನಿಗೆ ನೆನಪಿತ್ತು. ಅದಕ್ಕಿಂತ ಮುಖ್ಯವಾಗಿ, ಅವರು ಅದನ್ನು ಬಾಯಿಬಿಟ್ಟು ಹಾಡುತ್ತಿದ್ದರು. ನಮ್ಮ ಡಿಸ್ಕ್ ಬೀರುವಿನಲ್ಲಿ ಸುಮ್ಮನೆ ಮಲಗಿತ್ತು.

ನಾವು ಬಡವರು, ಓದದವರು, ಅದಕ್ಕೇ ಹೀಗಾಯಿತೆಂದು ತಿಳಿಯಬೇಡಿ. ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಕೆಲಸವನ್ನು ಇಡುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ನೌಕರ ಕಣ್ತಪ್ಪಿ ಬೇರೆ ಸರ್ವರಿನ ಮಾಹಿತಿ ಅಳಿಸಿಬಿಟ್ಟ. ಅವರಲ್ಲಿ ಐದು ಬಗೆಯ ನಕಲಿನ ಏರ್ಪಾಡಿತ್ತು, ಒಂದೂ ನೆಟ್ಟಗಿರಲಿಲ್ಲ. ದಿನವೂ ನಡೆಯಬೇಕಿದ್ದ ನಕಲು ಕೆಟ್ಟು ನಿಂತಿತ್ತು. ಕೆಟ್ಟಿದೆಯೆಂದು ತಿಳಿಸುವ ಇ-ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಮೊದಲು ಒಬ್ಬರು ಇನ್ನೇನೋ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಇದನ್ನೆಲ್ಲ ಅವರು ಮುಚ್ಚಿಡದೆ ಬಹಿರಂಗವಾಗಿ ಬರೆದರು. ಅದು ನನಗೆ ಹಿಡಿಸಿತು.

ಈಗ ನಾವು ಮಾಡುತ್ತಿರುವುದು ದೊಡ್ಡದೇನಲ್ಲ. ಮೂಲ ಕೊಳ್ಳೇಗಾಲದಲ್ಲಿ, ಒಂದು ಡಿಸ್ಕ್ ಹನೂರಿನ ಸಂಘದಲ್ಲಿ, ಇನ್ನೊಂದು ಯಳಂದೂರಿನಲ್ಲಿ. ಸಭೆಗೆ ಬರುವವರ ಚೀಲದಲ್ಲಿ ಸರದಿಯಂತೆ ಬರುತ್ತದೆ, ಹೋಗುತ್ತದೆ. ನಕಲು ಶುರುವಾಗುವ ಮೊದಲು ಡಿಸ್ಕ್ ನಿಜವಾಗಿ ಕೂತಿದೆಯೇ ಎಂದು ಮೌಂಟ್‌ಪಾಯಿಂಟ್ ಎಂಬ ಆಜ್ಞೆ ನೋಡುತ್ತದೆ, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಒಂದು ಸಾಲಿನ ತಿದ್ದುಪಡಿ ಅಷ್ಟೇ. ಕಲಿಯುವಾಗ ಇನ್ನೂ ಎರಡು ಮೂರು ಗುಂಡಿಗಳು ಕಂಡವು. ಲಿನಕ್ಸ್ ಮಿಂಟ್ ಹಾಕಿಕೊಂಡವರು ಅದರ ಟೈಮ್‌ಶಿಫ್ಟ್ ಇದೆಯಲ್ಲ ಎಂದು ನಂಬಿ ಕೂರುತ್ತಾರೆ. ನಾವಾಗಿ ಹೇಳದ ಹೊರತು ಅದು ಕಾಯುವುದು ಯಂತ್ರದ ವ್ಯವಸ್ಥೆಯನ್ನು, ನಮ್ಮ ಕಡತಗಳನ್ನಲ್ಲ. ಆರ್‌ಸಿಂಕ್‌ಗೆ ಅಳಿಸುವ ಅಪ್ಪಣೆಯನ್ನೂ ಕೊಟ್ಟಿದ್ದರೆ, ಇಲ್ಲಿ ಕೈತಪ್ಪಿ ಅಳಿದದ್ದು ಮುಂದಿನ ನಕಲಿನಲ್ಲಿ ಅಲ್ಲೂ ಅಳಿಯುತ್ತದೆ; ಆದ್ದರಿಂದ ತಿಂಗಳಿಗೊಂದು ಬೇರೆ ಪ್ರತಿ ಇಡುತ್ತೇವೆ. ಸಾಲದ ಲೆಕ್ಕವಿರುವ ಸರ್ವರಿನಲ್ಲಿ ಡೇಟಾಬೇಸ್ ನಡೆಯುತ್ತಿರುವಾಗ ಅದರ ಕಡತಗಳನ್ನು ಹಾಗೇ ಎತ್ತಿಕೊಂಡರೆ ಅರ್ಧ ಬರೆದ ಪುಟ ಸಿಕ್ಕೀತು. ಡಂಪ್ ಎನ್ನುವ ಅದರದೇ ಆಜ್ಞೆಯಿಂದ ಇಳಿಸಿಕೊಂಡು ಆಮೇಲೆ ನಕಲು ಮಾಡಬೇಕು.

ಇದಕ್ಕೆ ನಮ್ಮಲ್ಲೇ ವಿರೋಧ ಬಂತು, ಮತ್ತು ಆ ವಿರೋಧ ಸರಿಯಾದದ್ದೇ. ಯಳಂದೂರಿನ ಗೆಳತಿಯೊಬ್ಬಳು ಕೇಳಿದಳು: ಮೂರು ಕಡೆ ಇಟ್ಟರೆ ಮೂರು ಕಡೆಯಿಂದ ಸೋರುವುದಿಲ್ಲವೆ? ಡಿಸ್ಕ್ ಇಟ್ಟುಕೊಂಡವಳ ಮೈದುನನೇ ಇನ್ನೊಬ್ಬಳ ಗಂಡನ ಸ್ನೇಹಿತನಾಗಿದ್ದರೆ? ಗಂಡನಿಂದ ಅಡಗಿ ಕೂತವಳ ವಿಳಾಸ ಅದರಲ್ಲಿದ್ದರೆ? ಹಳೆಯ ಡಿಸ್ಕನ್ನು ಯಾರು ಬೇಕಾದರೂ ಚುಚ್ಚಿ ಓದಬಹುದಿತ್ತೆಂದು ಆಗ ಹೊಳೆದು ನನಗೆ ಮೈ ನಡುಗಿತು. ಈಗ ಡಿಸ್ಕುಗಳಿಗೆ ಲಕ್ಸ್ ಎಂಬ ಬೀಗ ಹಾಕಿದ್ದೇವೆ, ಲಿನಕ್ಸಿನ ಜೊತೆ ಉಚಿತವಾಗಿಯೇ ಬರುತ್ತದೆ. ಗುಪ್ತಪದವಿಲ್ಲದೆ ತೆರೆಯಲಾಗದು. ಮರೆತರೆ ನಮಗೂ ತೆರೆಯಲಾಗದು. ಆದ್ದರಿಂದ ಅದು ಇಬ್ಬರಿಗೆ ಗೊತ್ತು, ಆ ಇಬ್ಬರ ಮನೆಯಲ್ಲೂ ಡಿಸ್ಕ್ ಇರುವುದಿಲ್ಲ. ತನ್ನ ಫೋಟೋ ಎಲ್ಲೂ ಬೇಡವೆಂದು ಒಬ್ಬಳು ಹೇಳಿದರೆ ಅಳಿಸುತ್ತೇವೆ, ಮೂರೂ ಕಡೆ.

ಕೋರ್ಟಿನ ಮಾತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನಂತೆ ಫೋಟೋ, ಧ್ವನಿಮುದ್ರಣಗಳನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟು ಗುರುತು. ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಲಿನಕ್ಸಿನಲ್ಲಿ ಒಂದು ಆಜ್ಞೆಗೆ ಅದು ಸಿಗುತ್ತದೆ. ದೂರು ಬರೆದುಕೊಂಡ ದಿನವೇ ಅದನ್ನು ತೆಗೆದು ಕೈಬರಹದ ರಿಜಿಸ್ಟರಿನಲ್ಲಿ ತಾರೀಖಿನೊಡನೆ ಬರೆಯುತ್ತಿದ್ದೇವೆ. ನಕಲು ಮಾಸಿಲ್ಲವೆಂದು ನೋಡಿಕೊಳ್ಳಲು ನಮಗೂ ಅದೇ ಸಾಕು.

ಆ ಹನೂರಿನ ಹೆಣ್ಣುಮಗಳಿಗೆ ಫೋಟೋ, ಧ್ವನಿ ಎರಡೂ ಸಿಗಲಿಲ್ಲ. ಅವಳ ತಾಯಿಯ ಟ್ರಂಕಿನಲ್ಲಿ ಒಡವೆ ಪಟ್ಟಿಯ ಕಾರ್ಬನ್ ಪ್ರತಿಯೊಂದು ಇತ್ತು. 1985ರ ನಿಯಮದಂತೆ ಯಾರು ಕೊಟ್ಟರು, ಏನು ಸಂಬಂಧ, ಬೆಲೆ ಎಷ್ಟು ಎಂದು ಬರೆದು ಮದುಮಗ, ಮದುಮಗಳಿಬ್ಬರ ರುಜು ಹಾಕಿಸಿದ್ದದ್ದು. ಮದುವೆಯ ದಿನ ಅದಕ್ಕಾಗಿ ಗಂಡಿನ ಕಡೆಯವರು ನಕ್ಕಿದ್ದರಂತೆ. ಸ್ತ್ರೀಧನ ವಾಪಸು ಕೊಡಿಸಬೇಕೆಂದು 2005ರ ಕಾಯಿದೆಯಡಿ ಹಾಕಿದ ಅರ್ಜಿಗೆ ಆ ಕಾಗದವೇ ಆಧಾರವಾಗಿದೆ, ಇನ್ನೂ ನಡೆಯುತ್ತಿದೆ. ಹೊಡೆತದ್ದು ಮಾತ್ರ ಅವಳ ಬಾಯಿಮಾತೇ.

ಕಳೆದ ತಿಂಗಳ ಸಭೆಯಲ್ಲಿ ಯಳಂದೂರಿನ ಡಿಸ್ಕನ್ನು ಎಲ್ಲರೆದುರು ತೆರೆದು, ಕಣ್ಣುಮುಚ್ಚಿ ಹತ್ತು ಕಡತ ಆರಿಸಿ ನೋಡಿದೆವು. ಎಂಟು ತೆರೆದವು. ಉಳಿದ ಎರಡನ್ನು ಕೊಳ್ಳೇಗಾಲದ ಮೂಲದಿಂದ ಮತ್ತೆ ತಂದು ಹಾಕಿದ್ದೇವೆ. ಮುಂದಿನ ಸಲ ಹನೂರಿನ ಸರದಿ.