ಎಳೆಗೂಸಿನ ನಿದ್ದೆಯ ಪಾಠ ಅಜ್ಜಿಗೂ ತಲುಪಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



ಹೆರಿಗೆಯಾಗಿ ಮನೆಗೆ ಹೊರಡುವ ತಾಯಿಗೆ ಎದೆಹಾಲು, ಲಸಿಕೆ, ಹೊಕ್ಕುಳಿನ ಶುಚಿತ್ವದ ಬಗ್ಗೆ ನಮ್ಮ ಆಸ್ಪತ್ರೆಗಳು ತಿಳಿಹೇಳುತ್ತವೆ. ದಿನದ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುವ ಕೂಸನ್ನು ಹೇಗೆ ಮಲಗಿಸಬೇಕು ಎಂಬುದಕ್ಕೆ ಮಾತ್ರ ಅಷ್ಟು ಒತ್ತು ಸಿಕ್ಕಿಲ್ಲ. ಈ ಕೊರತೆಯನ್ನು ತಾವು ನೀಗಿಸಬೇಕೆಂದು ಕೋರಲು ಈ ಪತ್ರ.

ಹೇಳಿಕೊಡಬೇಕಾದದ್ದು ಸರಳ. ವರ್ಷ ತುಂಬುವವರೆಗೆ ಮಗುವನ್ನು ಪ್ರತಿ ಸಲವೂ ಅಂಗಾತವೇ ಮಲಗಿಸಬೇಕು. ಬೋರಲು ಬೇಡ, ಮಗ್ಗುಲೂ ಬೇಡ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ದಿಂಬು, ದಪ್ಪ ರಜಾಯಿ, ಗೊಂಬೆ ಹತ್ತಿರ ಇರಬಾರದು. ಮುಖದ ಮೇಲೆ ಹೊದಿಕೆ ಬೀಳಬಾರದು. ಬೀಡಿ, ಸಿಗರೇಟಿನ ಹೊಗೆ ಆ ಕೋಣೆಗೆ ಸುಳಿಯಕೂಡದು. ಮಗು ತಾಯಿಯ ಕೈಗೆಟುಕುವಷ್ಟು ಹತ್ತಿರ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಿದರೆ ಒಳ್ಳೆಯದು. 1991ರಲ್ಲಿ ಬ್ರಿಟನ್ ‘ಅಂಗಾತ ಮಲಗಿಸಿ’ ಎಂದು ಮನೆಮನೆಗೆ ಸಾರಿದ ಮೇಲೆ, ನಿದ್ದೆಯಲ್ಲೇ ಹಠಾತ್ತನೆ ಸಾಯುತ್ತಿದ್ದ ಶಿಶುಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು.

ನಮ್ಮಲ್ಲಿ ಬಾಣಂತನದ ಯಜಮಾನಿಕೆ ಅಜ್ಜಿಯರದು. ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಇಡುತ್ತಾರೆ. ಥಂಡಿಯೆಂದು ಕಿಟಕಿ ಮುಚ್ಚಿ ಕೆಂಡ ಇಡುತ್ತಾರೆ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೀರೆಯ ಜೋಲಿಯಲ್ಲಿ, ಕತ್ತು ನಿಲ್ಲದ ಮಗುವಿನ ಗದ್ದ ಎದೆಗೊತ್ತಿ ಉಸಿರಿನ ದಾರಿ ಕಿರಿದಾಗಬಹುದು. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೇರುತ್ತದೆ ಎಂಬ ಹೆದರಿಕೆಯೂ ಇದೆ. ಆದರೆ ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ; ಕಕ್ಕಿದ ಹಾಲು ಶ್ವಾಸನಾಳಕ್ಕೆ ಏರುವುದು ಕಷ್ಟ. ಅಜ್ಜಿಯರು ಇದನ್ನೆಲ್ಲ ಮಾಡುವುದು ಪ್ರೀತಿಯಿಂದಲೇ. ಗದರಿಸಿದರೆ ಅವರು ಕೇಳುವುದಿಲ್ಲ. ಕಾರಣ ವಿವರಿಸಿದರೆ ಕೇಳುತ್ತಾರೆ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವಿನ ತೂಕ, ಮೈಬಿಸಿ ನೋಡಬೇಕೆಂಬ ನಿಯಮ ಈಗಾಗಲೇ ಇದೆ. ಆಗಲೇ ಮಗು ಮಲಗುವ ಜಾಗವನ್ನೂ ನೋಡಲಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಲಿ. ಈ ಹೆಚ್ಚಿನ ಕೆಲಸಕ್ಕೆ ತಕ್ಕ ಗೌರವಧನವೂ ಅವರಿಗೆ ಸಿಗಲಿ. ಓದು ಬಾರದವರಿಗೂ ತಿಳಿಯುವಂಥ ಚಿತ್ರವೊಂದು ತಾಯಿ ಕಾರ್ಡಿನಲ್ಲಿರಲಿ. ಹೆರಿಗೆ ವಾರ್ಡಿನಲ್ಲಿ ನರ್ಸ್‌ಗಳೇ ಮಗುವನ್ನು ಅಂಗಾತ ಮಲಗಿಸಿ ತೋರಿಸಲಿ. ಅಲ್ಲಿ ಕಂಡದ್ದನ್ನು ಮನೆಯವರು ನಂಬುತ್ತಾರೆ.

ಇಡೀ ಸಂಸಾರ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯಲ್ಲಿ ಮಲಗುವ ಮನೆಗಳಿಗೂ ಹೊಂದುವ ಸಲಹೆ ಬೇಕು. ಕುಡಿದವರು, ಬೀಡಿ ಸೇದುವವರು ಕೂಸಿನ ಪಕ್ಕ ಮಲಗಬಾರದು ಎಂದು ಸ್ಪಷ್ಟವಾಗಿ ಹೇಳಬೇಕು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ ಮಗುವನ್ನು ಬರಿಯೆದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆ ಕಲಿಸುವಾಗ, ಅದರ ಮೂಗು, ಬಾಯಿ ಸದಾ ತೆರೆದಿರಬೇಕೆಂಬುದನ್ನೂ ಕಲಿಸಬೇಕು.

ಮಾನ್ಯ ಸಚಿವರೇ, ತಮ್ಮ ಇಲಾಖೆಯ ಒಂದು ಸುತ್ತೋಲೆಯಿಂದ ಈ ಕೆಲಸ ಶುರುವಾಗಬಹುದು. ದಯವಿಟ್ಟು ಅದನ್ನು ಬೇಗ ಹೊರಡಿಸಿ.

ಇತಿ,
ತಮ್ಮ ವಿಶ್ವಾಸಿ