ಅಗೆಯದೆ ಅರಸುವ ನಿಕ್ಷೇಪ

ನಿಕ್ಷೇಪವೆಂದೊಡನೆ ಗುದ್ದಲಿಯ ನೆನಪಾಗುವುದು ಸಹಜ. ಗುದ್ದಲಿ ಬೇಡದ ನಿಕ್ಷೇಪಶೋಧನೆಯೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಅದರ ಹೆಸರು ಜಿಯೊಕ್ಯಾಷಿಂಗ್. 2000ನೆಯ ಇಸವಿ ಮೇ 3ರಂದು ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ ಡೇವ್ ಅಲ್ಮರ್ ಎಂಬವರು ಬಕೀಟೊಂದನ್ನು ಭಾಗಶಃ ನೆಲದಲ್ಲಿ ಹೂಳಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನರುಹುವ ಉಪಕರಣವೇ ಶೋಧಕರಿಗೆ ಮಾರ್ಗದರ್ಶಿ. ಕಂಡವರು ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಇರಿಸತಕ್ಕದ್ದು. ಒಗಟಿನ ಬಗೆಯಲ್ಲಾದರೋ ಸ್ಥಾನದ ಅಂಕೆಗಳನ್ನು ಬುದ್ಧಿಯಿಂದಲೇ ಸಾಧಿಸಬೇಕು.

ಇಂತಹ ಒಗಟಿಗೆ ಐರ್ಲೆಂಡಿನ ಡಬ್ಲಿನ್ ನಗರದ ಕಾಲಿನ್ಸ್ ಬ್ಯಾರಕ್ಸ್ ತಕ್ಕ ನೆಲೆ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಕಟ್ಟಿದ ಈ ದಂಡಿನ ವಸತಿಯು 1922ರಲ್ಲಿ ಬ್ರಿಟಿಷರಿಂದ ಐರಿಷರ ವಶವಾಯಿತು, 1997ರಿಂದ ವಸ್ತುಸಂಗ್ರಹಾಲಯವಾಗಿದೆ. ಈ ಇಸವಿಗಳನ್ನೇ ಒಗಟಿನ ಅಂಕೆಗಳಾಗಿಸಿದರೆ, ಚರಿತ್ರೆಯನ್ನರಿಯದೆ ಬಾಲಕರು ಡಬ್ಬಿಯನ್ನು ಮುಟ್ಟಲಾರರು.

ಯಾವ ವಸ್ತು ಮಣ್ಣಿನ ಯಾವ ಪದರದಲ್ಲಿತ್ತೆಂಬುದರಿಂದಲೇ ಪ್ರಾಕ್ತನವಿಮರ್ಶಕರು ಅದರ ಕಾಲವನ್ನು ಊಹಿಸುತ್ತಾರೆ. ಅರಿಯದವರು ಗುಂಡಿ ತೋಡಿದರೆ ಆ ಸಾಕ್ಷ್ಯವು ಶಾಶ್ವತವಾಗಿ ನಷ್ಟವಾಗುವುದು. ಮೊದಲ ಬಕೀಟು ನೆಲದಲ್ಲಿ ಹೂತದ್ದಾದರೂ, ಈಗಿನ ನಿಯಮವು ಅಂತಹ ಹೂಳುವಿಕೆಯನ್ನು ಸಾಮಾನ್ಯವಾಗಿ ಒಪ್ಪದು. ಹಳೆಯ ಸ್ಥಳಗಳಿಗೆ ಮಕ್ಕಳನ್ನು ಕರೆದೊಯ್ಯುವ ಗೃಹಸ್ಥರು ಇದೊಂದನ್ನು ಕಲಿಸಿದರೂ ಪ್ರಯಾಣ ಸಾರ್ಥಕವೆಂದು ನಾವು ಭಾವಿಸುತ್ತೇವೆ.